ಮಾತ್ರೆ ಆರಿಸುವ ಮೊದಲು ತಲೆನೋವು ಯಾವುದೆಂದು ಗುರುತಿಸಿ

ಮೆಡಿಕಲ್ ಶಾಪಿಗೆ ಹೋಗಿ "ತಲೆನೋವಿಗೆ ಒಂದು ಮಾತ್ರೆ ಕೊಡಿ" ಅಂದರೆ ಏನೋ ಒಂದು ಕೈಗೆ ಬರುತ್ತದೆ. ಎಂಥ ತಲೆನೋವು ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ. ಟೆನ್ಷನ್ ತಲೆನೋವಿಗೆ ಸಾಕಾಗುವ ಮಾತ್ರೆ ಜೋರಾದ ಮೈಗ್ರೇನಿಗೆ ಸಾಲುವುದಿಲ್ಲ. ಮೈಗ್ರೇನಿಗೆ ಚೆನ್ನಾಗಿ ಒಗ್ಗುವ ಮಾತ್ರೆ ಹೃದಯದ ತೊಂದರೆ ಇರುವವರಿಗೆ ಅಪಾಯಕಾರಿ. ಕ್ಲಸ್ಟರ್ ತಲೆನೋವಿನಲ್ಲಿ (ಒಂದೇ ಕಣ್ಣಿನ ಸುತ್ತ ಕೊರೆಯುವ ಅಪರೂಪದ ನೋವು) ನುಂಗಿದ ಮಾತ್ರೆ ಕೆಲಸ ಶುರು ಮಾಡುವಷ್ಟರಲ್ಲಿ ಅನೇಕ ಸಲ ನೋವೇ ಮುಗಿದಿರುತ್ತದೆ.

ತಲೆನೋವು ನಮ್ಮಲ್ಲಿ ಎಷ್ಟು ವ್ಯಾಪಕ ಎಂಬುದಕ್ಕೆ ಬೆಂಗಳೂರಿನದೇ ಲೆಕ್ಕ ಇದೆ. ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 18ರಿಂದ 65 ವರ್ಷದ 2,329 ಜನರನ್ನು ವಿಚಾರಿಸಿ, ನಿಮ್ಹಾನ್ಸ್ ತಜ್ಞರೂ ಸೇರಿದ ತಂಡ 2015ರಲ್ಲಿ ವರದಿ ಪ್ರಕಟಿಸಿತು. ಹಿಂದಿನ ಒಂದು ವರ್ಷದಲ್ಲಿ ಸುಮಾರು 64% ಜನರಿಗೆ ತಲೆನೋವು ಬಂದಿತ್ತು. ಟೆನ್ಷನ್ ತಲೆನೋವು ಸುಮಾರು 35%, ಮೈಗ್ರೇನ್ ಸುಮಾರು 25%. ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಮೈಗ್ರೇನ್ ಅಂದರೆ ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ ಎಂದು ತಿಳಿದವರು ಇದನ್ನು ಗಮನಿಸಬೇಕು.

ಇವು ಇದ್ದರೆ ಮಾತ್ರೆಯಲ್ಲ, ಆಸ್ಪತ್ರೆ

ಹೋಲಿಕೆಗೆ ಇಳಿಯುವ ಮೊದಲು ಇದನ್ನು ಓದಿ. ಒಂದೇ ನಿಮಿಷದೊಳಗೆ ಶಿಖರಕ್ಕೇರಿದ, ಜೀವನದಲ್ಲೇ ಕಾಣದಂಥ ತಲೆನೋವು ಮೆದುಳಿನ ಸುತ್ತ ರಕ್ತಸ್ರಾವದ ಸೂಚನೆ ಇರಬಹುದು. ಒಂದು ಗಂಟೆ ನೋಡೋಣ ಎಂದು ಕಾಯಬೇಡಿ. ಜ್ವರದ ಜತೆ ಕತ್ತು ಬಗ್ಗಿಸಲಾಗದ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ಗೊಂದಲ, ಫಿಟ್ಸ್ ಕಂಡರೂ ಹಾಗೆಯೇ. ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಏರುತ್ತಾ ಹೋದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಾದರೆ, ಕೂಡಲೇ ಹೊರಡಿ. ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿಯೂ ಆದರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು. ಅದೇ ದಿನ ನೇತ್ರತಜ್ಞರನ್ನು ಕಾಣಬೇಕು.

50 ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ತಲೆನೋವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಲೆ ಬಾಚುವಾಗ ನೆತ್ತಿ ನೋಯುವುದು, ಅಗಿಯುವಾಗ ದವಡೆ ಸೋತು ನೋಯುವುದು ಸೇರಿಕೊಂಡರೆ ಅದು ಕಣತಲೆಯ ರಕ್ತನಾಳದ ಉರಿಯೂತ ಇರಬಹುದು. ತಡಮಾಡಿದರೆ ದೃಷ್ಟಿ ಹೋಗುತ್ತದೆ, ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಗರ್ಭಿಣಿಗೆ 20 ವಾರ ಕಳೆದ ಮೇಲೆ ತಲೆನೋವು ಬಂದರೆ ಮೊದಲು ಬಿಪಿ ನೋಡಿಸಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆರಿಗೆ ಆಸ್ಪತ್ರೆಗೆ ಹೋಗಿ. ಬಾಣಂತಿಯ ತಲೆನೋವನ್ನು "ಶೀತ ಆಗಿದೆ, ಕಿವಿಗೆ ಹತ್ತಿ ಇಡು" ಎಂದು ಮನೆಯಲ್ಲೇ ಇರಿಸಿಕೊಳ್ಳುವುದು ಬಹಳ ಅಪಾಯ. ಹೆರಿಗೆಯ ನಂತರದ ವಾರಗಳಲ್ಲಿ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು, ನೀರು ಕಡಿಮೆ ಕುಡಿಸುವ ಬಾಣಂತನದ ಕಟ್ಟುಪಾಡು ಅದಕ್ಕೆ ಇಂಬು ಕೊಡುತ್ತದೆ.

ಇನ್ನೊಂದು, ಗ್ಯಾಸ್ ಗೀಸರ್. ಗಾಳಿಯಾಡದ ಬಚ್ಚಲಮನೆಯೊಳಗೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ. ಸ್ನಾನಕ್ಕೆ ಹೋದಾಗಲೆಲ್ಲ ತಲೆನೋವು, ತಲೆಸುತ್ತು, ಹೊರಗೆ ಬಂದರೆ ಹಗುರ, ಮನೆಯ ಇತರರಿಗೂ ಅದೇ ದೂರು: ಹೀಗಿದ್ದರೆ ಗೀಸರ್ ಆರಿಸಿ, ಬಾಗಿಲು ತೆರೆದು ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಂಥ ಹೊತ್ತಿನಲ್ಲಿ ಎಲ್ಲ ಸರಿ ಇದೆ ಎನ್ನುವಂಥ ಮಾಮೂಲಿ ಅಂಕಿಯನ್ನೇ ತೋರಿಸಿ ಮೋಸ ಮಾಡುತ್ತದೆ, ಅದನ್ನು ನಂಬಬೇಡಿ. ಗೀಸರ್ ಇರಬೇಕಾದದ್ದು ಬಚ್ಚಲಮನೆಯ ಹೊರಗೆ.

ಟೆನ್ಷನ್ನೋ, ಮೈಗ್ರೇನೋ

ಮೇಲಿನದ್ಯಾವುದೂ ಇಲ್ಲವಾದರೆ, ಪದೇಪದೇ ಬಂದು ಹೋಗುವ ತಲೆನೋವು ಬಹುಪಾಲು ಈ ಎರಡರಲ್ಲಿ ಒಂದಾಗಿರುತ್ತದೆ.

ಟೆನ್ಷನ್ ತಲೆನೋವು ಎರಡೂ ಕಡೆ ಇರುತ್ತದೆ. ತಲೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗೆ ಅದುಮುತ್ತದೆ, ಮಿಡಿಯುವುದಿಲ್ಲ. ಅರ್ಧ ಗಂಟೆಯಲ್ಲೇ ಮುಗಿಯಬಹುದು, ಒಂದು ವಾರ ಕೂತಿರಲೂಬಹುದು. ಕಿರಿಕಿರಿಯಾಗುತ್ತದೆ, ಆದರೂ ಕೆಲಸ ಸಾಗುತ್ತದೆ. ವಾಂತಿ ಬರುವುದಿಲ್ಲ.

ಮೈಗ್ರೇನ್ ಮಾತ್ರೆ ಇಲ್ಲದಿದ್ದರೆ 4ರಿಂದ 72 ಗಂಟೆ ಇರುತ್ತದೆ. ಒಂದು ಕಡೆ, ಟಕ್ ಟಕ್ ಎಂದು ಮಿಡಿಯುತ್ತಾ, ಮಧ್ಯಮದಿಂದ ಜೋರಿನವರೆಗೆ. ಮೆಟ್ಟಿಲು ಹತ್ತಿದರೆ, ಬಗ್ಗಿ ಕಸ ಗುಡಿಸಿದರೆ ಹೆಚ್ಚಾಗುತ್ತದೆ. ಜತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕೂ ಬೇಡ, ಸದ್ದೂ ಬೇಡ ಎನ್ನುವ ಸ್ಥಿತಿ. ಒಗ್ಗರಣೆಯ ವಾಸನೆಯೂ ಸಹಿಸದು. ಇವೆಲ್ಲ ಒಟ್ಟಿಗೇ ಇರಬೇಕೆಂದಿಲ್ಲ. ಎರಡೂ ಕಡೆ ಬರುವ ಮೈಗ್ರೇನ್ ಸಾಮಾನ್ಯ. ಮಕ್ಕಳಲ್ಲಂತೂ ಹಣೆಯ ಎರಡೂ ಕಡೆ, ಎರಡೇ ಗಂಟೆ ಬಂದು ಹೋಗಬಹುದು. "ಅರ್ಧ ತಲೆ ನೋಯುತ್ತಿಲ್ಲ, ಹಾಗಾಗಿ ಮೈಗ್ರೇನ್ ಅಲ್ಲ" ಎನ್ನುವ ತರ್ಕ ನಿಲ್ಲುವುದಿಲ್ಲ.

ಮನೆಯಲ್ಲೇ ಕೇಳಿಕೊಳ್ಳಬಹುದಾದ ಮೂರು ಪ್ರಶ್ನೆಗಳಿವೆ. ತಲೆನೋವು ಬಂದಾಗ ಹೊಟ್ಟೆ ತೊಳೆಸುತ್ತದೆಯೇ? ಮಾಮೂಲಿ ದಿನಕ್ಕಿಂತ ಬೆಳಕು ಹೆಚ್ಚು ಚುಚ್ಚುತ್ತದೆಯೇ? ಕಳೆದ 3 ತಿಂಗಳಲ್ಲಿ ಒಂದು ದಿನವಾದರೂ ಕೆಲಸ, ಓದು, ಅಡುಗೆ ನಿಂತಿತ್ತೇ? ಮೂರರಲ್ಲಿ ಎರಡಕ್ಕೆ ಹೌದು ಎಂದಾದರೆ ಮೈಗ್ರೇನ್ ಇರುವ ಸಾಧ್ಯತೆ ಹೆಚ್ಚು.

ಮೈಗ್ರೇನ್ ಬರುವ ಮುನ್ನವೇ ಸುಳಿವು ಕೊಡುವುದುಂಟು. ಹಿಂದಿನ ದಿನ ಕಾರಣವಿಲ್ಲದ ಆಕಳಿಕೆ, ಸಿಹಿ ತಿನ್ನುವ ಆಸೆ, ಸಿಡುಕು, ಕತ್ತಿನಲ್ಲಿ ಬಿಗಿತ. ಕತ್ತಿನ ಬಿಗಿತವೇ ದಾರಿ ತಪ್ಪಿಸುವುದು: ಎಕ್ಸ್‌ರೇ ತೆಗೆಸಿ, ಸ್ಪಾಂಡಿಲೋಸಿಸ್ (ಕತ್ತಿನ ಮೂಳೆ ಸವೆತ) ಎಂದು ಹೆಸರಿಟ್ಟು, ಕಾಲರ್ ಹಾಕಿಕೊಂಡು ವರ್ಷಗಟ್ಟಲೆ ಓಡಾಡುವವರಿದ್ದಾರೆ. ನಲವತ್ತು ದಾಟಿದವರ ಎಕ್ಸ್‌ರೇಯಲ್ಲಿ ಮೂಳೆ ಸವೆತ ನೋವಿಲ್ಲದವರಿಗೂ ಕಾಣುತ್ತದೆ. ಕೆಲವರಿಗೆ ನೋವಿಗೆ ಮೊದಲು ಕಣ್ಣಮುಂದೆ ಅಂಕುಡೊಂಕು ಬೆಳಕಿನ ಗೆರೆ ಮೂಡಿ ನಿಧಾನವಾಗಿ ಹರಡುತ್ತದೆ, 5ರಿಂದ 60 ನಿಮಿಷದಲ್ಲಿ ಮಾಯವಾಗುತ್ತದೆ. ಇದಕ್ಕೆ ಔರಾ ಎನ್ನುತ್ತಾರೆ. ಔರಾ ಇರುವ ಹೆಂಗಸರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಮಾತ್ರೆ ಬರೆಸುವಾಗ ವೈದ್ಯರಿಗೆ ಈ ವಿಷಯ ಹೇಳಲೇಬೇಕು.

ಸೈನಸ್, ಪಿತ್ತ, ಕನ್ನಡಕ, ಬಿಪಿ

ಮೈಗ್ರೇನ್ ನಮ್ಮಲ್ಲಿ ಬೇರೆ ಬೇರೆ ಹೆಸರಿನಲ್ಲಿ ಅಡಗಿಕೊಂಡಿರುತ್ತದೆ. ಸೈನಸ್ ಅದರಲ್ಲಿ ದೊಡ್ಡದು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ "ನನಗೆ ಸೈನಸ್ ತಲೆನೋವು" ಎನ್ನುತ್ತಿದ್ದ 2,991 ಜನರನ್ನು ಪರೀಕ್ಷಿಸಿದಾಗ 88% ಮಂದಿಯದು ಮೈಗ್ರೇನ್ ಸ್ವರೂಪದ ತಲೆನೋವಾಗಿತ್ತು. ಕಾರಣ ಸರಳ. ಮೈಗ್ರೇನ್ ಬಂದಾಗಲೂ ಮೂಗು ಕಟ್ಟಬಹುದು, ತಿಳಿನೀರು ಸುರಿಯಬಹುದು, ಕೆನ್ನೆ ಭಾರವಾಗಬಹುದು, ಬಗ್ಗಿದರೆ ನೋವು ಹೆಚ್ಚಬಹುದು. ನಿಜವಾದ ಸೈನಸ್ ಸೋಂಕಿನಲ್ಲಿ ಗಟ್ಟಿಯಾದ ಹಳದಿ-ಹಸಿರು ಸಿಂಬಳ, ವಾಸನೆ ತಿಳಿಯದಿರುವುದು, ಮೇಲ್ದವಡೆಯ ಹಲ್ಲುನೋವು, ಕೆಲವೊಮ್ಮೆ ಜ್ವರ ಇರುತ್ತದೆ. ನೆಗಡಿ 10 ದಿನ ಕಳೆದರೂ ಇಳಿಯದೆ ಇದ್ದರೆ, ಅಥವಾ ಇಳಿದು ಮತ್ತೆ ಏರಿದರೆ ಅನುಮಾನಿಸಿ. ತಿಂಗಳಿಗೆ ಎರಡು ಬಾರಿ ಬಂದು ಎರಡು ದಿನದಲ್ಲಿ ತಾನಾಗಿ ಹೋಗುವುದು ಸೈನಸ್ ಸೋಂಕಲ್ಲ. ಅದಕ್ಕೆ ಆಂಟಿಬಯೋಟಿಕ್ ತಿಂದು ಪ್ರಯೋಜನವಿಲ್ಲ.

ಪಿತ್ತದ ತಲೆನೋವು ಎನ್ನುವುದೂ ಹಾಗೆಯೇ. "ಬಿಸಿಲಲ್ಲಿ ಹೋಗಿ ಬಂದೆ, ಪಿತ್ತ ಕೆದರಿತು, ತಲೆ ಸಿಡಿಯಿತು, ವಾಂತಿಯಾದ ಮೇಲೆ ಹಗುರಾಯಿತು, ಮಲಗಿ ಎದ್ದೆ, ಸರಿಹೋಯಿತು" ಎಂದು ನಮ್ಮ ಮನೆಗಳಲ್ಲಿ ಹೇಳುವ ವಿವರ ಪಠ್ಯಪುಸ್ತಕದಲ್ಲಿನ ಮೈಗ್ರೇನಿನ ವರ್ಣನೆಯಂತೆಯೇ ಇದೆ. ವಾಂತಿ ಮೈಗ್ರೇನಿನಿಂದ ಬಂದದ್ದು. ಗ್ಯಾಸ್ಟ್ರಿಕ್ ಮಾತ್ರೆಯಿಂದ ತಲೆನೋವು ನಿಲ್ಲುವುದಿಲ್ಲ.

ಕನ್ನಡಕದ ನಂಬರ್ ತಪ್ಪಿದ್ದರೆ ಓದಿದ ಮೇಲೆ ಹಣೆಯಲ್ಲಿ, ಕಣ್ಣಿನ ಸುತ್ತ ಸಣ್ಣ ನೋವು ಬರುತ್ತದೆ, ಕಣ್ಣಿಗೆ ವಿಶ್ರಾಂತಿ ಕೊಟ್ಟರೆ ಹೋಗುತ್ತದೆ. ಬೆಳಗ್ಗೆ ಏಳುವಾಗಲೇ ಇರುವ, ವಾಂತಿ ತರಿಸುವ ನೋವಿಗೆ ಕನ್ನಡಕ ಕಾರಣವಲ್ಲ. ಬಿಪಿ 150/95 ಇದೆ, ಅದಕ್ಕೇ ತಲೆನೋವು ಎನ್ನುವುದೂ ಸಾಮಾನ್ಯವಾಗಿ ತಪ್ಪು. ನೋವಿನಿಂದಲೇ ಬಿಪಿ ಸ್ವಲ್ಪ ಏರಿರುತ್ತದೆ. 180/120 ದಾಟಿದಾಗ ಮಾತ್ರ ಅದು ತಲೆನೋವಿನ ಕಾರಣವಾಗಿರಬಹುದು, ಆಗ ತುರ್ತು.

ಯಾವ ಮಾತ್ರೆ, ಎಷ್ಟು, ಯಾವಾಗ

ಮುಂದಿನ ಪ್ರಮಾಣಗಳು 50 ಕೆ.ಜಿ.ಗಿಂತ ಹೆಚ್ಚು ತೂಕದ, ಬೇರೆ ಕಾಯಿಲೆ ಇಲ್ಲದ ವಯಸ್ಕರಿಗೆ.

ಟೆನ್ಷನ್ ತಲೆನೋವಿಗೆ ಪ್ಯಾರಸಿಟಮಾಲ್ 1000 ಮಿ.ಗ್ರಾಂ (500ರ ಎರಡು) ಅಥವಾ ಐಬುಪ್ರೊಫೆನ್ 400 ಮಿ.ಗ್ರಾಂ. ಹೊಟ್ಟೆಗೆ ಹಗುರ ಪ್ಯಾರಸಿಟಮಾಲ್, ಪರಿಣಾಮ ಸ್ವಲ್ಪ ಜಾಸ್ತಿ ಐಬುಪ್ರೊಫೆನ್. ಮೊದಲಿಗೆ ಪ್ಯಾರಸಿಟಮಾಲ್ ಆರಿಸಿಕೊಳ್ಳಿ. ಎರಡು ಸಲದ ನಡುವೆ ಕನಿಷ್ಠ 6 ಗಂಟೆ ಬಿಟ್ಟು, ದಿನಕ್ಕೆ 3 ಗ್ರಾಂ ಒಳಗೆ ಇರಿ. ಕುಡಿತ ಇರುವವರು, ಲಿವರ್ ತೊಂದರೆಯವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ನೆಗಡಿಯ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ. ಸ್ಟ್ರಿಪ್ಪಿನ ಹಿಂದೆ ಓದದೆ ಎರಡನ್ನೂ ನುಂಗಿದರೆ ಪ್ರಮಾಣ ಮೀರುತ್ತದೆ.

ಮೈಗ್ರೇನಿಗೆ ಐಬುಪ್ರೊಫೆನ್ 400, ನ್ಯಾಪ್ರೊಕ್ಸೆನ್ 500 ಅಥವಾ ಆಸ್ಪಿರಿನ್ 900 ಮಿ.ಗ್ರಾಂ ಪ್ಯಾರಸಿಟಮಾಲಿಗಿಂತ ಉತ್ತಮ. ಐಬುಪ್ರೊಫೆನ್ ಬೇಗ ಹಿಡಿಯುತ್ತದೆ, ಬೇಗ ಇಳಿಯುತ್ತದೆ. ನ್ಯಾಪ್ರೊಕ್ಸೆನ್ ನಿಧಾನ, ಆದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಹೀಗಾಗಿ ಎರಡು ದಿನ ಎಳೆಯುವ ಮೈಗ್ರೇನಿಗೆ, ಮುಟ್ಟಿನ ಆಸುಪಾಸಿನ ಮೈಗ್ರೇನಿಗೆ ನ್ಯಾಪ್ರೊಕ್ಸೆನ್ ಒಳ್ಳೆಯ ಆಯ್ಕೆ. ಈ ಮೂರೂ ಅಲ್ಸರ್, ಕಿಡ್ನಿ ತೊಂದರೆ ಇರುವವರಿಗೆ, ನೋವಿನ ಮಾತ್ರೆಯಿಂದ ಉಬ್ಬಸ ಬರುವವರಿಗೆ, ಗರ್ಭದ 20 ವಾರ ದಾಟಿದವರಿಗೆ ಬೇಡ. 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೊಡಬಾರದು. ಮಳೆಗಾಲದಲ್ಲಿ ಜ್ವರದೊಂದಿಗೆ ತಲೆನೋವು ಬಂದರೆ, ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಈ ಮೂರನ್ನೂ ಮುಟ್ಟಬೇಡಿ, ಪ್ಯಾರಸಿಟಮಾಲ್ ಮಾತ್ರ. ಪ್ಲೇಟ್‌ಲೆಟ್ ಇಳಿದಿರುವಾಗ ಇವು ರಕ್ತಸ್ರಾವ ಹೆಚ್ಚಿಸುತ್ತವೆ.

ಮಾತ್ರೆ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಅನೇಕರು ತಡವಾಗಿ ತೆಗೆದುಕೊಂಡಿರುತ್ತಾರೆ, ಇಲ್ಲವೇ ಅರ್ಧ ಪ್ರಮಾಣ ತೆಗೆದುಕೊಂಡಿರುತ್ತಾರೆ. ಮೈಗ್ರೇನ್ ಏರಿದಂತೆ ಜಠರದ ಚಲನೆ ನಿಧಾನವಾಗುತ್ತದೆ, ನುಂಗಿದ ಮಾತ್ರೆ ಕರುಳಿಗೆ ಇಳಿಯದೆ ಅಲ್ಲೇ ಕೂರುತ್ತದೆ. "ಇನ್ನೂ ತಡೆಯಬಹುದು, ಆಮೇಲೆ ತಗೊಳ್ತೀನಿ" ಎಂದು ಕಾದಷ್ಟೂ ಮಾತ್ರೆಯ ಬಲ ಕುಗ್ಗುತ್ತದೆ. ಮೈಗ್ರೇನ್ ಎಂದು ಖಚಿತವಾದ ಕೂಡಲೇ, ಮೊದಲ ಒಂದು ಗಂಟೆಯೊಳಗೆ, ಪೂರ್ಣ ಪ್ರಮಾಣ ತೆಗೆದುಕೊಳ್ಳಿ. ಹೊಟ್ಟೆ ತೊಳೆಸುತ್ತಿದ್ದರೆ ಡೊಂಪೆರಿಡೋನ್ 10 ಮಿ.ಗ್ರಾಂ ಜತೆಗಿರಲಿ, ಹೃದಯದ ಬಡಿತದ ತೊಂದರೆ ಇರುವವರನ್ನು ಬಿಟ್ಟು. ಎರಡು ಬಿಸ್ಕತ್ತು, ಒಂದು ಲೋಟ ನೀರು, ಕತ್ತಲೆ ಕೋಣೆ, ಹಣೆಗೆ ತಣ್ಣನೆ ಬಟ್ಟೆ. ಹಣೆಗೆ ಅಮೃತಾಂಜನ ಹಚ್ಚಿ ಹಿತವೆನಿಸಿದರೆ ಹಚ್ಚಿಕೊಳ್ಳಬಹುದು, ಕಣ್ಣಿಗೆ ತಾಗದಿರಲಿ, ಎಳೆಮಕ್ಕಳಿಗೆ ಬೇಡ.

ಇಷ್ಟಕ್ಕೂ ಬಗ್ಗದಿದ್ದರೆ ಮುಂದಿನದು ಟ್ರಿಪ್ಟಾನ್ ಗುಂಪಿನ ಮಾತ್ರೆ: ಸುಮಟ್ರಿಪ್ಟಾನ್ 50 ಮಿ.ಗ್ರಾಂ ಅಥವಾ ರಿಝಟ್ರಿಪ್ಟಾನ್ 10 ಮಿ.ಗ್ರಾಂ. ಇವು ವೈದ್ಯರ ಚೀಟಿ ಬೇಕಾದ ಮಾತ್ರೆಗಳು. ಔರಾ ಇರುವವರು ತಲೆನೋವು ಶುರುವಾದಾಗ ತೆಗೆದುಕೊಳ್ಳಬೇಕು, ಗೆರೆ ಕಂಡಾಗಲ್ಲ. ಹೋದ ನೋವು ಮರಳಿ ಬಂದರೆ 2 ಗಂಟೆ ಬಿಟ್ಟು ಇನ್ನೊಂದು ತೆಗೆದುಕೊಳ್ಳಬಹುದು. ಮೊದಲನೆಯದು ಸ್ವಲ್ಪವೂ ತಾಗದಿದ್ದರೆ ಅದೇ ನೋವಿಗೆ ಎರಡನೆಯದು ವ್ಯರ್ಥ. ಪ್ರೊಪ್ರಾನೊಲಾಲ್ (ಬಿಪಿಗೂ ಮೈಗ್ರೇನ್ ತಡೆಗೂ ಕೊಡುವ ಮಾತ್ರೆ) ತಿನ್ನುವವರಿಗೆ ರಿಝಟ್ರಿಪ್ಟಾನ್ 5 ಮಿ.ಗ್ರಾಂ ಸಾಕು. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಹತೋಟಿಗೆ ಬಾರದ ಬಿಪಿ ಇರುವವರಿಗೆ ಟ್ರಿಪ್ಟಾನ್ ಸಲ್ಲದು, ಏಕೆಂದರೆ ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಎರ್ಗೊಟಮಿನ್ ಇರುವ ಹಳೆಯ ಮೈಗ್ರೇನ್ ಮಾತ್ರೆಗಳು ಇಂದಿಗೂ ಅಂಗಡಿಯಲ್ಲಿ ಓಡುತ್ತಿವೆ. ಅವು ವಾಕರಿಕೆ ಹೆಚ್ಚಿಸುತ್ತವೆ, ಗರ್ಭಿಣಿಯರಿಗೆ ನಿಷಿದ್ಧ. ಟ್ರಿಪ್ಟಾನ್ ಮತ್ತು ಎರ್ಗೊಟಮಿನ್ ಎರಡನ್ನೂ ಒಂದೇ ದಿನ ತೆಗೆದುಕೊಳ್ಳುವಂತೆಯೇ ಇಲ್ಲ, ನಡುವೆ 24 ಗಂಟೆ ಬೇಕು. ಆಯ್ಕೆ ಇರುವಾಗ ಎರ್ಗೊಟಮಿನ್ ಆರಿಸಲು ಕಾರಣವೇ ಇಲ್ಲ.

ದಿನಗಳ ಲೆಕ್ಕ

ಮಾತ್ರೆ ಆರಿಸುವಷ್ಟೇ ಮುಖ್ಯ, ತಿಂಗಳಲ್ಲಿ ಎಷ್ಟು ದಿನ ಮಾತ್ರೆ ತಿಂದಿರಿ ಎಂಬ ಲೆಕ್ಕ. ಒಂದೇ ದಿನ ಮೂರು ತಿಂದರೂ ಅದು ಒಂದು ದಿನ. ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ತಿಂಗಳಿಗೆ 15 ದಿನ, ಟ್ರಿಪ್ಟಾನ್, ಎರ್ಗೊಟಮಿನ್, ಟ್ರಮಡಾಲ್ (ಅಫೀಮು ಗುಂಪಿನ ನೋವಿನ ಮಾತ್ರೆ), ಅಥವಾ ಕೆಫೀನ್ ಬೆರೆಸಿದ ಮಿಶ್ರ ಮಾತ್ರೆ 10 ದಿನ: ಇದನ್ನು ಮುಟ್ಟಿ 3 ತಿಂಗಳು ಮುಂದುವರಿದರೆ ಮಾತ್ರೆಯೇ ತಲೆನೋವು ತರಿಸತೊಡಗುತ್ತದೆ. ಬೆಳಗಾದರೆ ತಲೆ ಭಾರ, ಮಾತ್ರೆ ತಿಂದರೆ ನಾಲ್ಕು ಗಂಟೆ ಹಗುರ, ಮತ್ತೆ ಭಾರ. ಪರ್ಸಿನಲ್ಲಿ, ದೇವರ ಕೋಣೆಯ ಗೂಡಿನಲ್ಲಿ, ಆಫೀಸಿನ ಡ್ರಾಯರಿನಲ್ಲಿ ಒಂದೊಂದು ಸ್ಟ್ರಿಪ್ ಇರುವವರು ಒಮ್ಮೆ ಎಣಿಸಿ ನೋಡಬೇಕು. ಬೆಂಗಳೂರಿನ ಅದೇ ಸಮೀಕ್ಷೆಯಲ್ಲಿ ಈ ಬಗೆಯ ತಲೆನೋವು ಸುಮಾರು 1.2% ಜನರಲ್ಲಿ ಕಂಡಿತ್ತು, ಹೆಂಗಸರಲ್ಲಿ ಗಂಡಸರ ಐದು ಪಟ್ಟು.

ಇದಕ್ಕೆ ಮದ್ದು ಆ ಮಾತ್ರೆಯನ್ನು ನಿಲ್ಲಿಸುವುದು. ಪ್ಯಾರಸಿಟಮಾಲ್, ಐಬುಪ್ರೊಫೆನ್, ಟ್ರಿಪ್ಟಾನ್‌ಗಳನ್ನು ಒಮ್ಮೆಗೇ ನಿಲ್ಲಿಸಬಹುದು. ಟ್ರಮಡಾಲ್‌ನಂಥವನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಇಳಿಸಬೇಕು. ನಿಲ್ಲಿಸಿದ ಮೇಲೆ 2ರಿಂದ 10 ದಿನ ನೋವು ಇನ್ನೂ ಜೋರಾಗುತ್ತದೆ, ನಿದ್ದೆ ಕೆಡುತ್ತದೆ, ವಾಂತಿಯೂ ಆಗಬಹುದು. ಹೆಚ್ಚಿನವರು ಸೋಲುವುದು ಇಲ್ಲೇ. ಮದುವೆ, ಪರೀಕ್ಷೆ, ಪ್ರಯಾಣ ಇಲ್ಲದ ವಾರ ನೋಡಿ ಶುರು ಮಾಡಿ, ಮನೆಯವರಿಗೆ ಮೊದಲೇ ಹೇಳಿಡಿ, ತಡೆಯುವ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಂಡಿರಿ. ಪೂರ್ತಿ ಹತೋಟಿಗೆ ಎರಡು ತಿಂಗಳು ಬೇಕಾಗಬಹುದು. ಇದು ಬರದಂತೆ ನೋಡಿಕೊಳ್ಳಲು ಹಿಡಿಯಬೇಕಾದ ಮಿತಿ ವಾರಕ್ಕೆ 2 ದಿನ.

ತಡೆಯುವ ಮಾತ್ರೆಗಳಲ್ಲಿ ಆಯ್ಕೆ

ತಿಂಗಳಿಗೆ 4 ಅಥವಾ ಹೆಚ್ಚು ದಿನ ಮೈಗ್ರೇನ್ ಬಂದು ಕೆಲಸ ಕೆಡುತ್ತಿದ್ದರೆ ಪ್ರತಿದಿನ ತೆಗೆದುಕೊಳ್ಳುವ ತಡೆಮಾತ್ರೆಯ ಬಗ್ಗೆ ವೈದ್ಯರ ಬಳಿ ಮಾತಾಡಿ. ಇಲ್ಲಿ ಆಯ್ಕೆ ನಿಮ್ಮ ಮೈಯ ಉಳಿದ ಸ್ಥಿತಿಯನ್ನು ನೋಡಿ ಆಗಬೇಕು. ನಿದ್ದೆ ಬಾರದವರಿಗೆ, ಟೆನ್ಷನ್ ತಲೆನೋವೂ ಸೇರಿರುವವರಿಗೆ ಅಮಿಟ್ರಿಪ್ಟಿಲಿನ್, ರಾತ್ರಿ 10 ಮಿ.ಗ್ರಾಂನಿಂದ ಆರಂಭ. ಬಾಯಿ ಒಣಗುತ್ತದೆ, ಬೆಳಗ್ಗೆ ಮಂಪರು ಇರುತ್ತದೆ, ರಾತ್ರಿ 8ಕ್ಕೇ ತೆಗೆದುಕೊಂಡರೆ ಅದು ಕಡಿಮೆ. ಬಿಪಿ ಇರುವವರಿಗೆ, ಕೈ ನಡುಗುವವರಿಗೆ ಪ್ರೊಪ್ರಾನೊಲಾಲ್, ಆದರೆ ಆಸ್ತಮಾ ಇದ್ದರೆ ಖಂಡಿತ ಬೇಡ. ತೂಕ ಹೆಚ್ಚಿರುವವರಿಗೆ ಟೊಪಿರಮೇಟ್: ಬೆರಳು ಜುಮ್ಮೆನ್ನುತ್ತವೆ, ಮಾತಾಡುವಾಗ ಪದ ತೋಚದಂತಾಗಬಹುದು, ಕಿಡ್ನಿಯಲ್ಲಿ ಕಲ್ಲಾದವರಿಗೆ ಸಲ್ಲದು. ಫ್ಲುನರಿಜಿನ್ ನಮ್ಮಲ್ಲಿ ಬಹಳ ಬರೆಯುತ್ತಾರೆ, ತೂಕ ಏರಿಸುತ್ತದೆ, ಖಿನ್ನತೆ ಇದ್ದವರಿಗೆ ಅದನ್ನು ಹೆಚ್ಚಿಸುತ್ತದೆ. ಟೊಪಿರಮೇಟ್ ಮತ್ತು ಇನ್ನೊಂದು ತಡೆಮಾತ್ರೆ ವಾಲ್ಪ್ರೊಯೇಟ್ ಗರ್ಭದ ಮಗುವಿಗೆ ಹಾನಿ ಮಾಡುತ್ತವೆ. ಮಗು ಆಗಬಹುದಾದ ವಯಸ್ಸಿನ ಹೆಂಗಸರಿಗೆ ಇವನ್ನು ಬರೆದಾಗ ಈ ಪ್ರಶ್ನೆ ಎತ್ತಲೇಬೇಕು.

ಯಾವುದನ್ನೇ ಆರಿಸಿದರೂ ಸರಿಯಾದ ಪ್ರಮಾಣಕ್ಕೆ ಏರಿದ ಮೇಲೆ 8ರಿಂದ 12 ವಾರ ಕೊಡಿ. "ಹದಿನೈದು ದಿನ ತಿಂದೆ, ಏನೂ ಆಗಲಿಲ್ಲ" ಎಂದು ಬಿಟ್ಟರೆ ಒಳ್ಳೆಯ ಔಷಧಿಯೊಂದನ್ನು ಸುಮ್ಮನೆ ಕಳೆದುಕೊಂಡಂತೆ. ತಿಂಗಳಿಗೆ 10 ಇದ್ದದ್ದು 5ಕ್ಕೆ ಇಳಿದರೆ ಔಷಧಿ ಗೆದ್ದಿದೆ ಎಂದೇ ಅರ್ಥ.

ತಲೆಸ್ನಾನ, ಉಪವಾಸ, ಬಿಸಿಲು

ನಮ್ಮ ಕಡೆಯ ಪ್ರಚೋದಕಗಳಲ್ಲಿ ಒಂದು ಪಾಶ್ಚಾತ್ಯ ಪುಸ್ತಕಗಳಲ್ಲಿ ಸಿಗುವುದು ಅಪರೂಪ: ತಲೆಸ್ನಾನ. ತಲೆಸ್ನಾನದಿಂದ ಮೈಗ್ರೇನ್ ಕೆರಳುವ 94 ಭಾರತೀಯರ ಬಗ್ಗೆ 2006ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಉದ್ದ ಕೂದಲು ಒದ್ದೆಯಾಗಿಯೇ ಉಳಿಯದಂತೆ ಬೇಗ ಒಣಗಿಸಿ, ಉಗುರುಬೆಚ್ಚಗಿನ ನೀರು ಬಳಸಿ, ಖಾಲಿ ಹೊಟ್ಟೆಯಲ್ಲಿ ಬೇಡ. ಹಬ್ಬದ ದಿನ ಏನಾಗುತ್ತದೆ ನೋಡಿ: ನಸುಕಿನಲ್ಲಿ ಎದ್ದು ನಿದ್ದೆ ಕಡಿಮೆ, ತಲೆಸ್ನಾನ, ಪೂಜೆ ಮುಗಿಯುವವರೆಗೆ ಉಪವಾಸ, ಕಾಫಿಯೂ ಇಲ್ಲ, ಊದುಬತ್ತಿ-ಧೂಪದ ಹೊಗೆ, ಒಲೆಯ ಮುಂದೆ ಸೆಖೆ. ಒಂದೊಂದೇ ಆದರೆ ಮೈ ತಡೆದುಕೊಳ್ಳುತ್ತದೆ, ಆರೂ ಕೂಡಿದರೆ ಮಧ್ಯಾಹ್ನಕ್ಕೆ ಮೈಗ್ರೇನ್ ಬರುತ್ತದೆ. ಹಿಂದಿನ ಸಂಜೆಯೇ ತಲೆಸ್ನಾನ ಮುಗಿಸುವುದು, ಹಾಲು-ಹಣ್ಣು ಸೇವಿಸಿ ಪೂಜೆಗೆ ಕೂರುವುದು ಇಷ್ಟು ಮಾಡಿದರೂ ಹೊರೆ ಇಳಿಯುತ್ತದೆ. ದಿನವೂ ಕಾಫಿ ಕುಡಿಯುವವರು ಥಟ್ಟನೆ ಬಿಟ್ಟರೆ 24 ಗಂಟೆಯೊಳಗೆ ಬೇರೆಯೇ ತಲೆನೋವು ಬರಬಹುದು. ಬಿಡುವುದಾದರೆ ವಾರಕ್ಕೊಂದು ಲೋಟ ಇಳಿಸಿ.

ಕ್ಲಸ್ಟರ್

ಅಪರೂಪ, ಆದರೆ ಸಹಿಸಲಸಾಧ್ಯ. ಗಂಡಸರಲ್ಲಿ ಹೆಚ್ಚು. ಒಂದೇ ಕಣ್ಣಿನ ಸುತ್ತ, ಕೊರೆಯುವಂಥ ನೋವು, 15 ನಿಮಿಷದಿಂದ 3 ಗಂಟೆ, ದಿನಕ್ಕೆ 8 ಬಾರಿಯವರೆಗೂ, ಹಲವರಿಗೆ ರಾತ್ರಿ ಅದೇ ಹೊತ್ತಿಗೆ. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋಲುತ್ತದೆ, ಅದೇ ಕಡೆಯ ಮೂಗು ಕಟ್ಟುತ್ತದೆ. ಮೈಗ್ರೇನಿನವರು ಅಲುಗಾಡದೆ ಮಲಗುತ್ತಾರೆ, ಇವರು ಕೂರಲಾಗದೆ ಕೋಣೆಯಲ್ಲಿ ತಿರುಗಾಡುತ್ತಾರೆ. ಗುರುತಿಸಲು ಈ ಒಂದು ವ್ಯತ್ಯಾಸವೇ ಸಾಕಷ್ಟು ಸಹಾಯಕ. ಹಲ್ಲುನೋವೆಂದು ಒಳ್ಳೆಯ ಹಲ್ಲು ಕೀಳಿಸಿಕೊಂಡವರೂ ಉಂಟು. ಇದಕ್ಕೆ ಮಾಸ್ಕ್ ಮೂಲಕ ನಿಮಿಷಕ್ಕೆ 12ರಿಂದ 15 ಲೀಟರ್ ಶುದ್ಧ ಆಮ್ಲಜನಕ, 15 ನಿಮಿಷ, ಇಲ್ಲವೇ ಸುಮಟ್ರಿಪ್ಟಾನ್ 6 ಮಿ.ಗ್ರಾಂ ಚುಚ್ಚುಮದ್ದು. ತಡೆಯಲು ವೆರಾಪಮಿಲ್, ಇಸಿಜಿ ನೋಡಿಕೊಂಡು. ನೋವಿನ ಸರದಿ ನಡೆದಿರುವ ವಾರಗಳಲ್ಲಿ ಮದ್ಯ ಮುಟ್ಟಬಾರದು. ಇದು ನರರೋಗ ತಜ್ಞರೇ ನೋಡಬೇಕಾದ ಕಾಯಿಲೆ.

ವೈದ್ಯರ ಬಳಿ ಹೋಗುವಾಗ

ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಎರಡು ತಿಂಗಳು ತಲೆನೋವಿನ ಲೆಕ್ಕ ಬರೆಯಿರಿ: ಬಂದ ದಿನಕ್ಕೆ "ತ", ಮಾತ್ರೆ ತಿಂದ ದಿನಕ್ಕೆ "ಮಾ" ಮತ್ತು ಹೆಸರು, ಮುಟ್ಟಾದ ದಿನಕ್ಕೆ "ಮು". ಎಷ್ಟು ಗಂಟೆ ಇತ್ತು, ವಾಂತಿಯಾಯಿತೇ ಎಂದೂ ಬರೆದರೆ ಇನ್ನೂ ಒಳ್ಳೆಯದು. ಆ ಹಾಳೆಯ ಫೋಟೊ, ತಿನ್ನುವ ಎಲ್ಲ ಮಾತ್ರೆಗಳ ಸ್ಟ್ರಿಪ್ ತೆಗೆದುಕೊಂಡು ಮೊದಲು ಹತ್ತಿರದ ಫಿಸಿಷಿಯನ್ ಬಳಿ ಹೋಗಿ, ಕಣ್ಣಿನ ಹಿಂಬದಿಯನ್ನೂ ಪರೀಕ್ಷಿಸುವಂತೆ ಕೇಳಿ. ಲಕ್ಷಣಗಳು ಮೈಗ್ರೇನಿಗೆ ಹೊಂದಿ, ಪರೀಕ್ಷೆಯಲ್ಲಿ ಏನೂ ಸಿಗದೆ, ವರ್ಷಗಳಿಂದ ಒಂದೇ ರೀತಿ ಬರುತ್ತಿದ್ದರೆ ಸ್ಕ್ಯಾನ್ ಬೇಕಾಗುವುದಿಲ್ಲ. ಮಾದರಿ ಬದಲಾದಾಗ ಬೇಕು: ಮೊದಲಿಗಿಂತ ಪದೇಪದೇ, ಕೆಮ್ಮಿದರೆ ಅಥವಾ ಮಲಗಿದರೆ ಹೆಚ್ಚು, ಬೆಳಗಿನ ಜಾವ ನೋವಿನಿಂದಲೇ ಎಚ್ಚರ. ಎರಡು ತಡೆಮಾತ್ರೆಗಳನ್ನು ಪೂರ್ಣ ಅವಧಿ ತೆಗೆದುಕೊಂಡರೂ ಇಳಿಯದಿದ್ದರೆ ನರರೋಗ ತಜ್ಞರ ಬಳಿಗೆ ಚೀಟಿ ಬರೆಸಿಕೊಳ್ಳಿ.